ಮೀಲಾ ಕೇಳಿಸಿಕೊಂಡ ಮಾತು

ಅಕ್ಟೋಬರ್ 7, ಸೋಮವಾರ

ಹೊಸ ಕೆಲಸದ ಮೊದಲ ದಿನ. ವಸಂತದಲ್ಲಿ ಪತ್ರಿಕೆ ಮುಚ್ಚಿದಾಗಿನಿಂದ ಮನೆಯಲ್ಲಿ ಕೂತು ಕೂತು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೂ ಅಚ್ಚಿನ ತಪ್ಪು ಹುಡುಕುವಂತಾಗಿದ್ದೆ. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ತಿದ್ದಿದವಳು ಇನ್ನು ಬೇರೆಯವರು ಆಡಿದ್ದನ್ನು ತಿದ್ದಬೇಕು.

ಆಫೀಸು ರೈಲು ನಿಲ್ದಾಣದ ಹಿಂದಿನ ಹಳೆಯ ಬಟ್ಟೆ ಮಿಲ್ಲಿನಲ್ಲಿದೆ. ಒಳಗೆ ಹೋಗುವಾಗಲೇ ನಮ್ಮ ಫೋನುಗಳನ್ನು ಬೀರುವಿಗೆ ಹಾಕಿ ಬೀಗ ಜಡಿಯುತ್ತಾರೆ. ನಾವು ದುಡಿಯುವುದು ಯಾವ ಕಂಪನಿಗೆ ಎಂದು ಯಾರಿಗೂ ಹೇಳಬಾರದೆಂದು ಸಹಿ ಹಾಕಿಸಿಕೊಂಡಿದ್ದಾರೆ, ಆದ್ದರಿಂದ ಇಲ್ಲೂ ಬರೆಯುವುದಿಲ್ಲ. ಪ್ರಪಂಚದ ಅರ್ಧ ಜನರ ಕಿಸೆಯಲ್ಲಿ ಅದು ಇದೆ. ಅವರದೇ ಒಂದು ಮಾತಾಡುವ ಡಬ್ಬಿ, ಹೆಸರು ಮೀಲಾ. ಹೆಸರು ಹಿಡಿದು ಕರೆದರೆ ಎಚ್ಚರಗೊಂಡು ಹವೆ ಹೇಳುತ್ತದೆ, ಹಾಡು ಹಾಕುತ್ತದೆ. ಅದಕ್ಕೆ ಅರ್ಥವಾಗದ ಮಾತುಗಳನ್ನೆಲ್ಲ ಚಿಕ್ಕ ಚಿಕ್ಕ ತುಣುಕು ಮಾಡಿ ನಮಗೆ ಕಳಿಸುತ್ತಾರೆ. ನಾವು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅವರು ಆಡಿದ್ದೇನು ಎಂದು ಟೈಪ್ ಮಾಡಬೇಕು.

ಮೇಲ್ವಿಚಾರಕ ಬೊರುತ್ ಗಡ್ಡ ಬಿಟ್ಟಿರುವ ಮರ್ಯಾದಸ್ಥ ಮನುಷ್ಯ. "ವಿಲ್ಮಾ ಅವರೇ, ಈ ಮಾರಿಬೋರ್ ನಗರದವರ ಮಾತು ಮೀಲಾಗೆ ಹೆಚ್ಚುಕಡಿಮೆ ಅರ್ಥ ಆಗುತ್ತೆ. ನಿಮ್ಮ ಮೂರಾ ನದಿ ಆಚೆಯವರು ಬಾಯಿ ತೆಗೆದರೆ ಮುಗೀತು, ಕಂಗಾಲಾಗಿಬಿಡುತ್ತೆ."

"ನನ್ನ ಗಂಡನದೂ ಅದೇ ಕಥೆ," ಎಂದೆ.

ನಕ್ಕ. "ಆ ಕಡೆಯ ತುಣುಕುಗಳೆಲ್ಲ ಇನ್ಮೇಲೆ ನಿಮಗೇ ಬರುತ್ತವೆ. ಆ ಮಾತು ಬಲ್ಲವರು ಇಲ್ಲಿ ನೀವೊಬ್ಬರೇ. ಒಂದು ನೆನಪಿಟ್ಟುಕೊಳ್ಳಿ. ಧ್ವನಿಗೆ ಹೆಸರಿಲ್ಲ, ಊರಿಲ್ಲ. ಅಕಸ್ಮಾತ್ ಯಾರದಾದರೂ ಗುರುತು ಸಿಕ್ಕಿದರೆ ಈ ಕೆಂಪು ಗುಂಡಿ ಒತ್ತಿಬಿಡಿ. ತುಣುಕು ನಿಮ್ಮ ಮುಂದಿನಿಂದ ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ?"

"ಹೋಗುತ್ತೆ," ಎಂದ.

ಇಡೀ ದಿನ ಕಿವಿಯೊಳಗೆ ನನ್ನ ಅಮ್ಮನ ಮಾತು. ಎಷ್ಟು ವರ್ಷವಾಗಿತ್ತು, ಅಷ್ಟು ಜನ ಒಟ್ಟಿಗೆ ಆ ಮಾತಾಡುವುದನ್ನು ಕೇಳಿ.

ಅಕ್ಟೋಬರ್ 10, ಗುರುವಾರ

ಕೇಳಿಸುವುದೆಲ್ಲ ಬಹುಪಾಲು ಅಡುಗೆಮನೆಗಳೇ. ಒಬ್ಬ ಮುದುಕ ದಿನಾ ಬೆಳಿಗ್ಗೆ ಹಿಮ ಬೀಳುತ್ತದೆಯೇ ಎಂದು ಕೇಳಿ, ಉತ್ತರ ಬರುವ ಮೊದಲೇ "ನಿನಗೇನ ಗೊತ್ತು, ನನ್ನ ಮೊಣಕಾಲ ಹೇಳತೈತಿ ಬಿಡು" ಎಂದು ಬಯ್ಯುತ್ತಾನೆ. ಒಬ್ಬ ಹೆಂಗಸು ಕುಂಬಳಬೀಜದ ಎಣ್ಣೆಯ ಕಲೆ ಹೋಗಿಸುವುದು ಹೇಗೆಂದು ಕೇಳಿದಳು. ನನಗೆ ಗೊತ್ತಿತ್ತು. ಹೇಳುವಂತಿಲ್ಲ.

ಇನ್ನೊಂದು ಬಗೆಯವೂ ಬರುತ್ತವೆ. ಮೀಲಾ ಎಂದರೆ ನಮ್ಮಲ್ಲಿ "ಬಂಗಾರಾ" ಎಂದ ಹಾಗೆ. ಹೆಸರಿಟ್ಟ ಪರದೇಶದವರಿಗೆ ಇದು ಗೊತ್ತಿತ್ತೋ ಇಲ್ಲವೋ. ಯಾರು ಯಾರನ್ನು ಬಂಗಾರಾ ಎಂದು ಕರೆದರೂ ಡಬ್ಬಿ ತನ್ನನ್ನೇ ಕರೆದರೆಂದು ಎಚ್ಚರಗೊಳ್ಳುತ್ತದೆ. ಇವತ್ತು ಒಬ್ಬ ಗಂಡಸು, "ಮೀಲಾ, ಭಾಳ ನೋಯತೈತೇನ? ಹೊರಳಿಸಿ ಮಲಗಿಸಲೇನ?" ಎಂದ. ಹಿಂದೆ ಯಾರೋ ನರಳುವುದು ಕೇಳಿಸಿತು. ಬೊರುತ್‌ನನ್ನು ಕರೆದು ಕೇಳಿಸಿದೆ.

"ಇದು ಡಬ್ಬಿಗೆ ಹೇಳಿದ್ದಲ್ಲ."

"ಡಬ್ಬಿಯನ್ನ ಕಂಪನಿಯವರು ಸುಧಾರಿಸ್ತಾ ಇದಾರೆ. ನೀವು ಟೈಪ್ ಮಾಡಿ, ಅದೂ ಸುಧಾರಿಸುತ್ತೆ."

ರಾತ್ರಿ ಊಟಕ್ಕೆ ಕೂತಾಗ ಸ್ಲಾವ್ಕೊಗೆ ಮೊಣಕಾಲಿನ ಮುದುಕನ ಕಥೆ ಹೇಳಿದೆ. ನನ್ನ ಗಂಡ ಇಡೀ ದಿನ ಬಸ್ಸು ಓಡಿಸಿ ಬರುತ್ತಾನೆ, ಆದರೂ ತಮಾಷೆಗೆ ಬರವಿಲ್ಲ. "ನಾವೂ ಒಂದು ಡಬ್ಬಿ ತಂದಿಡೋಣ ವಿಲ್ಮಾ. ಆಫೀಸಿನಲ್ಲಾದರೂ ನನ್ನ ಮಾತು ಕೇಳಿಸಿಕೊಳ್ತೀಯ," ಎಂದ.

ನಮ್ಮ ಊರಿನ ಜನ ಎಷ್ಟು ಚೆನ್ನಾಗಿ ಮಾತಾಡುತ್ತಾರೆ. ಇಂಥವನ್ನೆಲ್ಲ ಇಲ್ಲಿ ಬರೆದಿಡಬೇಕು.

ಅಕ್ಟೋಬರ್ 23, ಬುಧವಾರ

ಮಧ್ಯಾಹ್ನ ಒಂದು ತುಣುಕು ಬಂತು.

"ಮೀಲಾ, ಅಳಬ್ಯಾಡ. ನಿಮ್ಮ ಅಪ್ಪಗ ಈಗ ಹೇಳೂದು ಬ್ಯಾಡ. ನಾ ಅದೀನಲ್ಲ..."

ಅಲ್ಲಿಗೆ ಮುಗಿಯಿತು. ಅದು ನನ್ನ ತಂಗಿ ಯೋಲಾಂಕಾಳ ಧ್ವನಿ. ಅಳುತ್ತಿದ್ದುದು ಅವಳ ಮಗಳು ತಿಂಕಾರಾ. ಚಿಕ್ಕಂದಿನಿಂದಲೂ ಆ ಹುಡುಗಿ ಅಳುವಾಗ ನಡುವೆ ಒಮ್ಮೆ ಉಸಿರು ಹಿಡಿಯುತ್ತಾಳೆ, ಇನ್ನು ಬಿಡುವುದೇ ಇಲ್ಲವೇನೋ ಎನ್ನಿಸುವಷ್ಟು ಹೊತ್ತು. ಬೇಸಿಗೆಯಲ್ಲಿ ಯೋಲಾಂಕಾಳ ಗಂಡ ಗೇಜಾ ಆ ಡಬ್ಬಿ ತಂದು ಅಡುಗೆಮನೆಯಲ್ಲಿ ಇಟ್ಟಿದ್ದು ನೆನಪಾಯಿತು. ಅವನು ವಾರವಿಡೀ ಗಡಿಯಾಚೆ ಗ್ರಾತ್ಸ್‌ನಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿಂದ ಮನೆಯವರ ಜೊತೆ ಮಾತಾಡಲು ಅನುಕೂಲವೆಂದು ತಂದದ್ದು.

ಕೆಂಪು ಗುಂಡಿ ಒತ್ತಬೇಕಿತ್ತು. ಬೆರಳು ಅದರ ಮೇಲೇ ಇತ್ತು. ಏನಾಗಿದೆಯೋ ಮಗುವಿಗೆ ಎಂದು ಇನ್ನೊಮ್ಮೆ ಕೇಳಿದೆ. ಆಮೇಲೆ ಮತ್ತೊಮ್ಮೆ.

ಗುಂಡಿ ಒತ್ತಿದರೆ ತುಣುಕು ಬೇರೆ ಯಾರಿಗೋ ಹೋಗುತ್ತದೆ. ಮನೆಯ ಮಾತು ಹೊರಗಿನವರ ಕಿವಿಗೆ ಬೀಳುವ ಬದಲು ನನ್ನ ಕಿವಿಗೆ ಬಿದ್ದರೆ ಅದೇ ಒಳ್ಳೆಯದಲ್ಲವೇ.

ಸ್ಲಾವ್ಕೊಗೆ ಹೇಳಲಿಲ್ಲ. ಸಹಿ ಹಾಕಿದ್ದೇನಲ್ಲ.

ಅಕ್ಟೋಬರ್ 25, ಶುಕ್ರವಾರ

"ಮೀಲಾ, ಎರಡೂ ಸಲ ಎರಡ ಗೆರಿ ಬಂದಾವು. ಇನ್ನ ಸುಳ್ಳ ಅಂತ ಹ್ಯಾಂಗ ಅನ್ನೂದು? ಆ ಹುಡುಗಗ ಹೇಳಿಯೇನ?"

"ಅವಗೇನ ಸಂಬಂಧ ಇಲ್ಲ ಅಮ್ಮಾ."

ಬೇರೆ ಏನೂ ಬರೆಯುವುದಿಲ್ಲ ಇವತ್ತು. ಇಪ್ಪತ್ತು ವರ್ಷದ ಹುಡುಗಿಗೆ ಬೇಡವೆಂದರೂ ಬಸಿರು ಬರುತ್ತದೆ. ನನಗೆ ಎರಡು ಸಲ ಬಂದು ಎರಡು ಸಲ ಹೋಯಿತು. ಎರಡನೆಯದಕ್ಕೆ ಹೆಸರನ್ನೂ ಇಟ್ಟಿದ್ದೆವು.

ನವೆಂಬರ್ 1, ಶುಕ್ರವಾರ

ಸತ್ತವರ ದಿನ. ಸೇವಂತಿಗೆ ಕುಂಡ, ದೀಪ ಹಿಡಿದುಕೊಂಡು ಅಮ್ಮನ ಸಮಾಧಿಗೆ ಹೋದೆವು. ಯೋಲಾಂಕಾ, ತಿಂಕಾರಾ ಮೊದಲೇ ಬಂದಿದ್ದರು. ತಿಂಕಾರಾ ಬಿಳಿಚಿಕೊಂಡಿದ್ದಳು. ಮೇಣದ ವಾಸನೆಗೆ ಎರಡು ಸಲ ಮೂಗು ಮುಚ್ಚಿಕೊಂಡಳು.

"ಆಕಿ ಹೊಟ್ಟಿ ಸರಿ ಇಲ್ಲ. ಏನೋ ಹಾಳೂಮೂಳೂ ತಿಂದಾಳ," ಎಂದಳು ಯೋಲಾಂಕಾ, ನಾನು ಕೇಳದೆಯೇ.

ನನ್ನ ತಂಗಿ ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ. ನಾನೂ ಅಷ್ಟೇ ಸಲೀಸಾಗಿ ತಲೆಯಾಡಿಸಿದೆ.

ಪಕ್ಕದ ಸಮಾಧಿಯವರ ಮಗು ಎಲೆಯ ರಾಶಿಯಲ್ಲಿ ಹೊರಳಾಡುತ್ತಿತ್ತು. "ನೋಡ ತಿಂಕಾರಾ, ಮನ್ಯಾಗ ಒಂದು ಹಿಂಥಾದ್ದಿದ್ರ ಸತ್ತವರಿಗೂ ಸಮಾಧಾನ," ಎಂದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ ಫೋನಿಗೆ ಕಣ್ಣು ಹಾಕಿದಳು. ಮರುಕ್ಷಣವೇ ಫೋನನ್ನು ಕಿಸೆಗೆ ತುರುಕಿದಳು, ಕೈ ಸುಟ್ಟವರ ಹಾಗೆ.

ಬಸ್ಸಿನಲ್ಲಿ ಸ್ಲಾವ್ಕೊ ಕೇಳಿದ, "ಏನು, ಆ ಹುಡುಗಿಯನ್ನ ಡಾಕ್ಟರ ಹಾಗೆ ನೋಡ್ತಿದ್ದೆ?"

"ನೋಡೋದೂ ತಪ್ಪಾ?"

ನವೆಂಬರ್ 5, ಮಂಗಳವಾರ

ಈಗ ಬೆಳಿಗ್ಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಅವರ ಮನೆಯದು ಬಂದಿದೆಯೇ ಎಂದು ಕಾಯುತ್ತೇನೆ. ಮೊಣಕಾಲಿನ ಮುದುಕ ಬಂದರೆ ಬೇಸರವಾಗುತ್ತದೆ.

ಇವತ್ತು ಬಂತು.

"ಹದಿನಾಲ್ಕಕ್ಕ ಬರ್ರಿ ಅಂದಾರ ದವಾಖಾನ್ಯಾಗ. ಗುರುವಾರ. ಮೀಲಾ, ನಾ ನಿನಗ ತಗಸ್ಕೋ ಅನ್ನೂದಿಲ್ಲ, ಬ್ಯಾಡನೂ ಅನ್ನೂದಿಲ್ಲ."

"ನಂಗ ಗೊತ್ತಾಗವಲ್ದು ಅಮ್ಮಾ. ಮುಂಜಾನೆ ಒಂದ ಅನಸ್ತೈತಿ, ಸಂಜೀಕ ಒಂದ..."

ಹುಡುಗಿಗೆ ತೆಗೆಸಲು ಮನಸ್ಸಿಲ್ಲ. ಅದು ಅವಳ ದನಿಯಲ್ಲೇ ಇದೆ, ಟೈಪ್ ಮಾಡಿದರೆ ಕಾಣುವುದಿಲ್ಲ ಅಷ್ಟೇ. ಯಾರಾದರೂ ಒಬ್ಬರು ಧೈರ್ಯ ಹೇಳಬೇಕು. ಭಾನುವಾರ ಸಂತ ಮಾರ್ಟಿನ್ ಹಬ್ಬದ ಊಟಕ್ಕೆ ಯೋಲಾಂಕಾ ಕರೆದಿದ್ದಾಳೆ. ಅದು ಗುರುವಾರಕ್ಕೆ ಮೊದಲೇ ಬಂದದ್ದು ದೇವರ ದಯೆ.

ಅಮ್ಮ ಹೆಣೆದ ಶಾಲನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹರವಿದ್ದೇನೆ.

ನವೆಂಬರ್ 10, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಊಟ ಇನ್ನೂ ಬಡಿಸಿರಲಿಲ್ಲ. ಗೇಜಾ ಮತ್ತು ಸ್ಲಾವ್ಕೊ ನಡುಮನೆಯಲ್ಲಿ ಹೊಸ ವೈನಿನ ರುಚಿ ನೋಡುತ್ತ, ಈ ವರ್ಷದ್ದು ಹುಳಿಯೋ ಒಗರೋ ಎಂದು ವಾದಿಸುತ್ತಿದ್ದರು. ಒಲೆಯಲ್ಲಿ ಹೆಬ್ಬಾತು ಬೇಯುತ್ತಿತ್ತು. ತಿಂಕಾರಾ ಕೆಂಪು ಎಲೆಕೋಸಿನ ಬಾಟಲಿ ತರಲು ಉಗ್ರಾಣಕ್ಕೆ ಹೋದಳು. ನಾನು ಚೀಲ ಹಿಡಿದುಕೊಂಡು ಹಿಂದೆಯೇ ಹೋದೆ.

"ಏನ ದೊಡ್ಡಮ್ಮ?"

ಶಾಲು ತೆಗೆದು ಕೊಟ್ಟೆ. "ಅಜ್ಜಿ ಹೆಣೆದಿದ್ದು. ನೀ ಹುಟ್ಟಿದಾಗ ನಿನ್ನನ್ನೂ ಇದರಾಗ ಸುತ್ತಿದ್ರು. ನಿನ್ನ ಹತ್ರ ಇರಲಿ."

"ನನಗ್ಯಾಕ?"

"ಒಮ್ಮೊಮ್ಮೆ ಮನಸ್ಸು ಹೆದರತೈತಿ, ಮಗಾ. ಕೂಸನ್ನ ಸಾಕೋರು ಒಬ್ಬರ ಅದಾರ ಅಂತ ಗೊತ್ತಾದ್ರ ಹೆದರಿಕಿ ಹೋಗತೈತಿ. ನಾವಿಬ್ಬರ ಅದೀವಿ, ಮನಿ ಖಾಲಿ ಐತಿ. ಗುರುವಾರದೊಳಗ ಒಮ್ಮೆ ವಿಚಾರ ಮಾಡು."

ಅವಳು ಶಾಲನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಹದಿನೈದ ದಿನದಿಂದ ನನ್ನ ಫೋನಿನ ತುಂಬ ತೊಟ್ಟಿಲಿನ ಜಾಹೀರಾತು," ಎಂದಳು, ಮೆಲ್ಲನೆ. "ಯಾರಿಗೂ ಹೇಳಿಲ್ಲ ನಾನು. ಒಂದೆರಡ ಸಲ ಏನೋ ಹುಡುಕಿ ನೋಡೀನಿ, ಅಷ್ಟ. ಏನ ತಗದರೂ ತೊಟ್ಟಿಲು, ಕಾಲಚೀಲ, ಹಾಲಿನ ಪುಡಿ. ಅದಕ್ಕ ಹ್ಯಾಂಗ ಗೊತ್ತಾತು ಅಂತ ಹೆದರಿ ಸಾಯಾಕತ್ತೀನಿ. ಈಗ ನೀನೂ ಶಾಲು ಹಿಡ್ಕೊಂಡ ಬಂದಿ. ಗುರುವಾರ ಅಂತ ನಿನಗ ಯಾರ ಹೇಳಿದ್ರು?"

"ನಿಮ್ಮ ಅಮ್ಮ," ಎಂದುಬಿಟ್ಟೆ.

"ಅಮ್ಮಾ, ಒಂದ ನಿಮಿಷ ಬಾ ಇಲ್ಲೆ."

ಯೋಲಾಂಕಾ ಕೈ ಒರೆಸಿಕೊಳ್ಳುತ್ತ ಬಂದಳು. ಶಾಲನ್ನು ನೋಡಿದಳು, ಮಗಳನ್ನು ನೋಡಿದಳು. ಕದ ಮುಂದಕ್ಕೆ ತಳ್ಳಿದಳು. "ನಾ ಹೇಳಿಲ್ಲ. ದೇವರಾಣಿ, ನಾ ಯಾರಿಗೂ ಒಂದ ಮಾತ ಹೇಳಿಲ್ಲ. ಅಕ್ಕಾ?"

ಮೂವರೂ ಪಿಸುಗುಟ್ಟುತ್ತಿದ್ದೆವು. ನಡುಮನೆಯಿಂದ ಗೇಜಾ, "ಎಲ್ಲಿ ಹೋದ್ರಿ ಎಲ್ಲಾರೂ? ಹೆಬ್ಬಾತು ಹಾರಿ ಹೋದೀತು ಮತ್ತ," ಎಂದು ಕೂಗಿದ.

"ದೊಡ್ಡಮ್ಮ, ಮಾರಿಬೋರಿನ್ಯಾಗ ಏನ ಕೆಲಸ ಮಾಡ್ತಿ ನೀ?"

"ಟೈಪಿಂಗ್. ಹೇಳಿದ್ನಲ್ಲ."

"ಏನನ್ನ ಟೈಪ್ ಮಾಡ್ತಿ?"

ಅವಳು ನನ್ನನ್ನು ದಾಟಿ ಅಡುಗೆಮನೆಗೆ ಹೋದಳು. ಬ್ರೆಡ್ಡಿನ ಡಬ್ಬದ ಪಕ್ಕ ಮೀಲಾ ಕೂತಿತ್ತು. ಅವಳು ಅದನ್ನು ಬಯ್ಯಲಿಲ್ಲ, ಎಸೆಯಲಿಲ್ಲ. ಗೋಡೆಯಿಂದ ವೈರು ಕಿತ್ತು ಅದಕ್ಕೇ ಸುತ್ತಿ ಕಸದ ಬುಟ್ಟಿಗೆ ಹಾಕಿದಳು.

ಗೇಜಾ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅಯ್ಯ, ಯಾಕ ತಗದಿ? ನಾ ಗ್ರಾತ್ಸ್‌ನಿಂದ ಮಾತಾಡೂದು ಹ್ಯಾಂಗ?"

"ಕೆಟ್ಟೈತಿ ಅಪ್ಪಾ. ನಮ್ಮ ಮಾತು ಅದಕ್ಕ ತಿಳಿಯೂದಿಲ್ಲ."

ಆಮೇಲೆ ಎಲ್ಲರೂ ಕೂತು ಉಂಡೆವು. ಗೇಜಾನಿಗೋಸ್ಕರ. ಯೋಲಾಂಕಾ ನನ್ನ ತಟ್ಟೆಗೆ ಎಲ್ಲರಿಗಿಂತ ಮೊದಲು ಬಡಿಸಿದಳು, ಹೊರಗಿನ ಅತಿಥಿಗೆ ಬಡಿಸುವ ಹಾಗೆ. ಗಿಬಾನಿತ್ಸಾ ಕೇಕು ಕೊಯ್ದು ಕೊಟ್ಟಾಗ "ತಗೋರಿ" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಅವಳು "ತಗೋರಿ" ಎಂದದ್ದಿಲ್ಲ. ಗೇಜಾ ತಮಾಷೆಯೆಂದುಕೊಂಡು ನಕ್ಕ.

ಹೊರಡುವಾಗ ಗೇಟಿನ ತನಕ ಬಂದಳು. "ಎಷ್ಟ ಸಲ ಕೇಳಿದಿ?"

ನಾನು ಗೇಟಿನ ಚಿಲಕ ತೆಗೆದೆ.

"ನನ್ನ ಮಗಳು ಅತ್ತದ್ದನ್ನ ಎಷ್ಟ ಸಲ ಹಾಕಿ ಕೇಳಿದಿ ಅಕ್ಕಾ? ಒಂದ ಫೋನ್ ಮಾಡಿ, ಯೋಲಾ ಏನಾಗೈತಿ ಅಂದಿದ್ರ ನಾನ ಹೇಳ್ತಿದ್ನೋ ಏನೋ. ಹೇಳಾಕ ನಂಗೂ ಯಾರರೆ ಬೇಕಾಗಿತ್ತು."

ನವೆಂಬರ್ 11, ಸೋಮವಾರ

ಕೆಲಸಕ್ಕೆ ಹೋದೆ. ಬಂದೆ.

ನವೆಂಬರ್ 14, ಗುರುವಾರ

ಗುರುವಾರ ಬಂತು. ಯಾರಿಗೂ ಫೋನ್ ಮಾಡಲಿಲ್ಲ.

ಬೊರುತ್‌ನ ಹತ್ತಿರ ಹೋದೆ. "ಒಂದು ಮನೆಯ ತುಣುಕುಗಳಿವೆ. ಅವನ್ನ ಅಳಿಸಬೇಕು."

ಅವನು ಬಾಗಿಲು ಮುಚ್ಚಿದ. "ಗುರುತು ಸಿಕ್ಕಿತಾ?"

"ಸಿಕ್ಕಿತು."

"ಕೆಂಪು ಗುಂಡಿ ಒತ್ತಿದ್ರಾ?"

"ಇಲ್ಲ."

ಅವನು ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. "ವಿಲ್ಮಾ ಅವರೇ, ಅಳಿಸೋದು ನನ್ನ ಕೈಲಿಲ್ಲ. ಇಲ್ಲಿ ಯಾರ ಕೈಲೂ ಇಲ್ಲ. ನಾವು ಕೇಳಿದ ಮೇಲೆ ಬೇರೆ ಕಡೆ ಹೋಗುತ್ತವೆ. ಎಲ್ಲಿಗೆ ಅಂತ ನನಗೂ ಹೇಳಿಲ್ಲ."

"ಹಾಗಾದರೆ ಆ ಹುಡುಗಿ..."

"ಹೇಳಬೇಡಿ," ಎಂದ ಅವನು ಥಟ್ಟನೆ. "ಯಾರು ಅಂತ ನನಗೆ ಹೇಳಬೇಡಿ."

ಬಾಯಿ ಮುಚ್ಚಿಕೊಂಡೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಹೇಳಿಬಿಡುತ್ತಿದ್ದೆ.

ನನ್ನ ಜಾಗಕ್ಕೆ ಬಂದು ಕೂತೆ. ನರಳುವವರನ್ನು ಹೊರಳಿಸಿ ಮಲಗಿಸುತ್ತಿದ್ದ ಆ ಗಂಡಸು ಮತ್ತೆ ಬಂದಿದ್ದ. "ಮೀಲಾ" ಎಂದ. ಕೆಂಪು ಗುಂಡಿ ಒತ್ತಿದೆ. ಆಮೇಲೆ ಬಂದದ್ದಕ್ಕೂ ಒತ್ತಿದೆ. ಮನೆಗೆ ಹೋಗುವ ತನಕ ಬಂದದ್ದಕ್ಕೆಲ್ಲ ಒತ್ತುತ್ತಲೇ ಇದ್ದೆ. ಅವೆಲ್ಲ ಎಲ್ಲಿಗೋ ಹೋದವು.

ನವೆಂಬರ್ 19, ಮಂಗಳವಾರ

ಸ್ಲಾವ್ಕೊಗೆ ಹೇಳಿದೆ. ನಾನು ಏನು ಮಾಡಿದೆ, ಅಷ್ಟು. ತಿಂಕಾರಾಳ ವಿಷಯ ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗಲೇ ಏನೋ ಆಗಿದೆಯೆಂದು ಗೊತ್ತಾಗಿತ್ತಂತೆ.

"ಒಂದು ತಿಂಗಳಿಂದ ನಮ್ಮ ಮನೆ ಗ್ರಂಥಾಲಯದ ಹಾಗಿದೆ," ಎಂದ. "ನಾನು ಏನಂದರೂ ತಲೆ ಓರೆ ಮಾಡಿ ಕೇಳ್ತೀಯ. ಉತ್ತರ ಕೊಡಲ್ಲ. ಮೊನ್ನೆ ಅಡುಗೆ ಹೇಗಿದೆ ಅಂದೆ, ನೀನು ಟೇಬಲ್ಲಿನ ಮೇಲೆ ಬೆರಳಾಡಿಸ್ತಾ ಇದ್ದೆ."

"ಹೌದಾ?"

"ನಾನು ಆಡಿದ್ದನ್ನ ನೀನು ಟೈಪ್ ಮಾಡ್ತಾ ಇದ್ದೆ ವಿಲ್ಮಾ."

ನನಗೆ ಅದು ಗೊತ್ತಿರಲಿಲ್ಲ.

ರಾಜಧಾನಿಯಲ್ಲಿ ಜನರ ಖಾಸಗಿ ಮಾಹಿತಿ ಕಾಯುವ ಸರ್ಕಾರಿ ಕಚೇರಿ ಇದೆ, ಅಲ್ಲಿಗೆ ಹೋಗಿ ಎಲ್ಲ ಹೇಳಬೇಕೆಂದಿದ್ದೇನೆ ಎಂದೆ. "ಸಹಿ ಹಾಕಿದ್ದೀನಿ. ಕೆಲಸ ಹೋಗುತ್ತೆ. ಕೋರ್ಟಿಗೂ ಎಳೀಬಹುದು."

ಅವನು ಬೂಟಿನ ದಾರ ಕಟ್ಟುತ್ತಿದ್ದ. "ಆ ಕಂಪನಿಗೆ ಪ್ರಪಂಚದ ಎಲ್ಲರ ವಿಷಯಾನೂ ಗೊತ್ತು. ಅವರ ವಿಷಯ ಒಬ್ಬಳು ಹೇಳಿದರೆ ಕೋರ್ಟಾ?" ಎಂದು ಎದ್ದ. "ಸೋಮವಾರ ರಜೆ ಹಾಕ್ತೀನಿ. ರೈಲಿನಲ್ಲಿ ಹೋಗೋಣ. ಬಸ್ಸು ಬೇಡ, ನನಗೆ ಬೇರೆಯವರ ಡ್ರೈವಿಂಗ್ ನೋಡೋಕಾಗಲ್ಲ."

ಡಿಸೆಂಬರ್ 2, ಸೋಮವಾರ

ಹೋದ ಸೋಮವಾರ ಅವರಿಗೆ ಬಿಡುವಿರಲಿಲ್ಲ, ಇವತ್ತು ಹೋಗಿಬಂದೆವು. ಸ್ಲಾವ್ಕೊ ಹೊರಗೆ ಬೆಂಚಿನ ಮೇಲೆ ಕೂತಿದ್ದ.

ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು, ಜ್ವರ ಬಂದವಳ ಹಾಗೆ ಶಾಲು ಹೊದ್ದಿದ್ದಳು. ನಾನು ಹೇಳುತ್ತ ಹೋದೆ. ಡಬ್ಬಿ ಹೇಗೆ ಎಚ್ಚರಗೊಳ್ಳುತ್ತದೆ, ಬಂಗಾರಾ ಎಂದು ಕರೆದಾಗಲೆಲ್ಲ ಹೇಗೆ ಕೇಳಿಸಿಕೊಳ್ಳುತ್ತದೆ, ತುಣುಕು ಯಾವ ಯಾವ ಕೈಗೆ ಹೋಗುತ್ತದೆ, ಅಳಿಸಲು ಕೇಳಿದರೆ ಏನೆನ್ನುತ್ತಾರೆ. ಅವಳು ಒಮ್ಮೆ ಮಾತ್ರ ಪೆನ್ನು ಕೆಳಗಿಟ್ಟಳು.

"ಅಂದರೆ ಜನ ಪ್ರೀತಿಯಿಂದ ಮಾತಾಡುವಾಗಲೇ ಹೆಚ್ಚು."

"ಪ್ರೀತಿಯಿಂದ. ಇಲ್ಲ ಸಮಾಧಾನ ಮಾಡುವಾಗ."

"ಒಂದು ಉದಾಹರಣೆ ಕೊಡಿ. ನೀವು ಕೇಳಿದ್ದು, ಇದ್ದ ಹಾಗೆ."

ಬಾಯಿಗೆ ಬಂತು. ಎಲ್ಲವೂ ಅಕ್ಷರ ಅಕ್ಷರ ನೆನಪಿದೆ.

"ಮನೆಯವರು ಮನೆಯವರ ಜೊತೆ ಆಡಿದ ಮಾತು," ಎಂದೆ. "ಅದಕ್ಕಿಂತ ಹೆಚ್ಚು ಹೇಳೋಕಾಗಲ್ಲ."

"ಉದಾಹರಣೆ ಇದ್ದರೆ ದೂರಿಗೆ ಬಲ ಬರುತ್ತೆ ಮೇಡಂ. ಹೆಸರು ಬೇಡ."

"ನಮ್ಮ ಕಡೆ ಹೆಸರು ಬೇಕಾಗಿಲ್ಲ. ಮಾತು ಕೇಳಿದರೆ ಯಾವ ಊರು, ಯಾವ ಬೀದಿ ಅಂತ ಹೇಳಿಬಿಡ್ತಾರೆ."

ಅವಳು ಆಯ್ತು ಎಂದು ಮುಂದಿನ ಪ್ರಶ್ನೆಗೆ ಹೋದಳು. ಕೊನೆಯಲ್ಲಿ ಹೇಳಿದಳು: ಆ ಧ್ವನಿ ಯಾರದೋ ಅವರು ತಾವೇ ಬಂದು ಕೇಳಿದರೆ ಕಂಪನಿ ಎಲ್ಲವನ್ನೂ ತೋರಿಸಬೇಕು, ಅಳಿಸಲೂಬೇಕು. ಅದು ಅವರ ಹಕ್ಕು, ಅವರ ಪರವಾಗಿ ನಾನು ಕೇಳುವಂತಿಲ್ಲ.

"ಅವರಿಗೆ ನೀವು ತಿಳಿಸ್ತೀರಾ?"

"ಅವರು ನನ್ನ ಜೊತೆ ಮಾತಾಡ್ತಿಲ್ಲ."

ಈ ವಿಷಯ ಬರೆದ ಒಂದು ಕಾರ್ಡನ್ನು ಕಚೇರಿಯಲ್ಲೇ ಇಟ್ಟಿದ್ದರು. ಅದನ್ನು ಲಕೋಟೆಗೆ ಹಾಕಿ ಯೋಲಾಂಕಾಳಿಗೆ ಅಂಚೆಯಲ್ಲಿ ಕಳಿಸಿದೆ. ನನ್ನ ಮಾತು ಏನೂ ಸೇರಿಸಲಿಲ್ಲ.

ಜನವರಿ 17, ಶುಕ್ರವಾರ

ಕ್ರಿಸ್‌ಮಸ್‌ಗೆ ಮುಂಚೆಯೇ ಕೆಲಸದಿಂದ ತೆಗೆದಿದ್ದರು. ವಕೀಲರ ಕಾಗದವೂ ಒಂದು ಬಂದಿದೆ, ಓದಿ ಬೀರುವಿನಲ್ಲಿಟ್ಟೆವು. ಬೊರುತ್ ಫೋನ್ ಮಾಡಿ, "ನಾನೂ ಬಿಟ್ಟೆ" ಎಂದಷ್ಟೇ ಹೇಳಿ ಇಟ್ಟ.

ಇವತ್ತು ಸುದ್ದಿ ಬಂತು. ನಮ್ಮ ಭಾಷೆಯ ತುಣುಕುಗಳನ್ನು ಮನುಷ್ಯರಿಂದ ಕೇಳಿಸುವುದನ್ನು ಕಂಪನಿ ನಿಲ್ಲಿಸಿದೆಯಂತೆ. "ಸದ್ಯಕ್ಕೆ" ಎಂದು ಒಂದು ಪದ ಸೇರಿಸಿದ್ದಾರೆ. ನಾನಿನ್ನೂ ಪತ್ರಿಕೆಯ ಕೆಲಸದಲ್ಲಿದ್ದಿದ್ದರೆ ಆ ಪದಕ್ಕೆ ಕೆಂಪು ಗೆರೆ ಎಳೆಯುತ್ತಿದ್ದೆ. ಯಂತ್ರ ಕೇಳಿಸಿಕೊಳ್ಳುವುದು ನಿಂತಿಲ್ಲ. ದೂರು ಕೊಟ್ಟವಳೆಂದು ಪೇಪರಿನಲ್ಲಿ ನನ್ನ ಹೆಸರು, ಫೋಟೋ ಹಾಕಿದ್ದಾರೆ. ನಾನೇ ಒಪ್ಪಿದ್ದೆ.

ಸಂಜೆ ಫೋನ್ ಬಂತು. ಯೋಲಾಂಕಾ.

"ಪೇಪರಿನ್ಯಾಗ ನಿನ್ನ ಹೆಸರ ನೋಡಿದೆ."

"ಹೂಂ."

"ನನ್ನ ಮಗಳ ಹೆಸರ ಎಲ್ಲೆರೆ ಐತೇನ? ಊರ ಹೆಸರ?"

"ಇಲ್ಲ ಯೋಲಾ. ಎಲ್ಲೂ ಇಲ್ಲ. ಆ ಕಚೇರಿಯೊಳಗೂ ಇಲ್ಲ."

ಅವಳ ಉಸಿರು ಕೇಳಿಸುತ್ತಿತ್ತು. ಹಿಂದೆ ರೇಡಿಯೋ ಹಾಡುತ್ತಿತ್ತು. ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

"ಆ ಕಾರ್ಡ ಮುಟ್ಟಿತು. ಅಳಿಸ್ಯಾರಂತ," ಎಂದು ಇಟ್ಟುಬಿಟ್ಟಳು.

ಮಾರ್ಚ್ 15, ಶನಿವಾರ

ಅಮ್ಮನ ಸಮಾಧಿಗೆ ಒಬ್ಬಳೇ ಹೋಗಿದ್ದೆ. ಹಿಮ ಕರಗಿ ಕಲ್ಲೆಲ್ಲ ಕೆಸರಾಗಿತ್ತು, ತೊಳೆದು ಬಂದೆ. ಊರಿನ ಹತ್ತಿರದ ಸೊಬೊತಾ ಪೇಟೆಯ ಬಸ್ ನಿಲ್ದಾಣದಲ್ಲಿ ಮಾರಿಬೋರಿನ ಬಸ್ಸಿಗೆ ಕಾಯಬೇಕಿತ್ತು.

ಒಳಗಿನ ಬೆಂಚಿನ ಮೇಲೆ ತಿಂಕಾರಾ ಕೂತಿದ್ದಳು. ಅವಳು ನನ್ನನ್ನು ನೋಡಿರಲಿಲ್ಲ. ನಾನು ಅವಳ ಮುಖ ಬಿಟ್ಟು ಬೇರೇನನ್ನೂ ನೋಡದೆ, ಹಿಂದೆ ಸರಿದು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಿ ಗಾಳಿಯಲ್ಲಿ ನಿಂತೆ.

"ದೊಡ್ಡಮ್ಮ."

ಹಿಂದೆಯೇ ಬಂದಿದ್ದಳು. "ನನ್ನ ನೋಡಿ ಓಡತಿ?"

"ನಿನಗ ತೊಂದ್ರಿ ಬ್ಯಾಡ ಅಂತ."

"ಹೊರಗ ಥಂಡಿ ಐತಿ. ನಿನಗ ನೆಗಡಿ ಆದ್ರ ಸ್ಲಾವ್ಕೊ ದೊಡ್ಡಪ್ಪ ನಮ್ಮನ್ನ ಬಯ್ಯೂದು. ಒಳಗ ಬಾ."

ಒಳಗೆ ಹೋಗಿ ಕೂತೆವು. ನಾನು ಅವಳ ಕ್ಷಮೆ ಕೇಳಿದೆ. ಚಳಿಗಾಲವಿಡೀ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ, ತಪ್ಪಾಯಿತು ಎಂದಷ್ಟೇ ಬಂತು. ಅವಳು ಪರವಾಗಿಲ್ಲ ಎನ್ನಲಿಲ್ಲ. ಚೀಲದಿಂದ ಗಸಗಸೆಯ ಸುರುಳಿ ರೊಟ್ಟಿ ತೆಗೆದು ಮುರಿದು ಅರ್ಧ ನನಗೆ ಕೊಟ್ಟಳು.

"ಒಂದು ಹೇಳಲೇನ?" ಎಂದಳು.

"ಹೇಳಬೇಕಂತ ಏನಿಲ್ಲ ಮಗಾ."

"ಗೊತ್ತೈತಿ. ಅದಕ್ಕ ಹೇಳಾಕತ್ತೀನಿ."

ಹೇಳಿದಳು. ನಡುವೆ ಒಂದು ಕಡೆ ಅತ್ತಳು, ಒಂದು ಕಡೆ ನಕ್ಕಳು. ನಾನು ಮಾರಿಬೋರಿನ ಬಸ್ಸನ್ನು ಬಿಟ್ಟೆ. ಅವಳ ಬಸ್ಸು ಬಂದಾಗ ಎದ್ದು ನನ್ನ ಕಾಲರನ್ನು ಸರಿಮಾಡಿ, "ನೀ ಸಿಕ್ಕಿದ್ದಿ ಅಂತ ಅಮ್ಮಗ ಹೇಳಲೇನ?" ಎಂದಳು.

"ಅದು ನಿನ್ನಿಷ್ಟ."

ಮನೆಗೆ ಬಂದಾಗ ಕತ್ತಲಾಗಿತ್ತು. ಸ್ಲಾವ್ಕೊ ಸೂಪು ಬಿಸಿಗಿಟ್ಟಿದ್ದ.

"ಯಾಕಿಷ್ಟು ತಡ?"

"ತಿಂಕಾರಾ ಸಿಕ್ಕಿದ್ದಳು."

"ಏನಂದಳು?"

"ತುಂಬ ಹೊತ್ತು ಮಾತಾಡಿದಳು."

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಸೂಪಿಗೆ ಉಪ್ಪು ಹಾಕಲು ಹೋದ.